ಮನೆಯಲ್ಲಿ ಮಾತ್ರ ಬೇಡ

ಅತ್ತೆಯ ಸೆರಗನ್ನು ಪಕ್ಕಕ್ಕೆ ಸರಿಸಿ, ಹೊಟ್ಟೆಯ ಮೇಲೆ ಸ್ಪಿರಿಟ್ ಹತ್ತಿ ಒರೆಸಿ, ಹೇಮಾಕ್ಷಿ ಇನ್ಸುಲಿನ್ ಬಾಟಲಿಯನ್ನು ತಲೆಕೆಳಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಸಿರಿಂಜಿನ ಕಪ್ಪು ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಂಡವು. ಕಣ್ಣು ಕಿರಿದು ಮಾಡಿದಳು. ಗೆರೆಗಳೇನೋ ಬಿಡಿಬಿಡಿಯಾದವು, ಆದರೆ ಅಷ್ಟರಲ್ಲಿ ಹೆಬ್ಬೆರಳು ಅದುರತೊಡಗಿತ್ತು.

"ಬೇಗ ಹಾಕೇ ಹೇಮಾ, ಹೊಟ್ಟಿ ಹಸದೈತಿ. ಮಗ್ಗಲ ಮನಿಯಾಗ ಆಗಲೇ ಊಟ ಮುಗಿಸಿ ಕೈ ತೊಳಕೊಂಡ್ರು," ಎಂದರು ಕೋಟೇಶ್ವರಮ್ಮ. ಬಳ್ಳಾರಿ ಬಿಟ್ಟು ವಿಜಯವಾಡಕ್ಕೆ ಸೊಸೆಯಾಗಿ ಬಂದು ಅರವತ್ತೈದು ವರ್ಷವಾಗಿದ್ದರೂ ಹಸಿವಾದಾಗ, ಸಿಟ್ಟು ಬಂದಾಗ ಅವರ ಬಾಯಲ್ಲಿ ಬಳ್ಳಾರಿಯೇ ಬರುತ್ತಿತ್ತು. ಹೇಮಾಕ್ಷಿ ಅವರ ಅಣ್ಣ ಶಂಕರಪ್ಪನ ಮಗಳು. ನರ್ಸಿಂಗ್ ಮುಗಿಸಿದ ವರ್ಷವೇ ತಮ್ಮ ಮಗನಿಗೆ ತಂದುಕೊಂಡಿದ್ದರು; ಗಂಡ ಅವಳಿಗೆ ಈಗಲೂ ಬಾವನೇ. ಸೊಸೆ ವಿಶಾಖಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ರಜೆಗೆ ವಿಜಯವಾಡದ ಭವಾನಿಪುರದ ಮನೆಗೆ ಬಂದಾಗ ಮಾತ್ರ ಅತ್ತೆಗೆ ನೆಮ್ಮದಿಯ ಸೂಜಿ. "ನಮ್ಮ ಹೇಮಾ ಹಾಕಿದ್ರ ಇರುವಿ ಕಡದಂಗೂ ಆಗಂಗಿಲ್ಲ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ಆಗಲೇ ಹಜಾರದಿಂದ ಕೂಗು ಕೇಳಿಸಿತು.

"ಹೇಮಾ! ಏಯ್ ಹೇಮಾ! ರಿಟೈರ್ಮೆಂಟು ಅರವತ್ತೆರಡಕ್ಕೆ ಮಾಡಿಬಿಟ್ರು! ಟೀವೀಲಿ ಬರ್ತಿದೆ ನೋಡು ಬಾ!"

ಗಂಡ ದುರ್ಗಾಪ್ರಸಾದನ ದನಿ. ಹಿಂದೆಯೇ ಮಗ ಸಾಯಿತೇಜನ ಚಪ್ಪಾಳೆ. "ಅಮ್ಮಾ, ಕಂಗ್ರಾಟ್ಸ್! ಇನ್ನೂ ಎರಡು ವರ್ಷ ಸರ್ವೀಸು! ಎಷ್ಟು ಲಕ್ಕಿ ಅಲ್ವಾ ನೀನು!"

ಈ ತಿಂಗಳ ಕೊನೆಗೆ ಹೇಮಾಕ್ಷಿಗೆ ಅರವತ್ತು ತುಂಬಿ ನಿವೃತ್ತಿ. ಆ ಒಂದು ದಿನಕ್ಕಾಗಿ ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ವಿಶ್ರಾಂತಿಯ ಆಸೆಗಲ್ಲ... ಹೆದರಿಕೆಗೆ! ಹೋದ ಮಳೆಗಾಲದಿಂದ ಬಲಗೈ ಅವಳ ಮಾತು ಕೇಳುತ್ತಿರಲಿಲ್ಲ. ಹೇಗಾದರೂ ಜನವರಿ ಮುಗಿದುಬಿಟ್ಟರೆ ಸಾಕು, ಯಾರಿಗೂ ಕೇಡಾಗುವ ಮೊದಲು ಕೈ ತೊಳೆದುಕೊಂಡು ಮನೆಗೆ ಬಂದುಬಿಡುತ್ತೇನೆ ಎಂದು ಸಿಂಹಾಚಲದ ಅಪ್ಪನಿಗೆ ಹರಕೆ ಹೊತ್ತಿದ್ದಳು. ಈಗ ಎರಡು ವರ್ಷ... ಇನ್ನೂ ಎರಡು ವರ್ಷ!

ಬಾಟಲಿಯಿಂದ ಸೂಜಿ ಹೊರಗೆಳೆದು, ಅತ್ತೆಯ ಹೊಟ್ಟೆಯ ಚರ್ಮವನ್ನು ಎಡಗೈಯಿಂದ ಹಿಡಿದಳು.

"ಅತ್ತಯ್ಯಗಾರೂ, ಆಗಂಡಿ! ನಿಲ್ಲಿಸಿ!"

ಅರಿಸೆಲು ಕಜ್ಜಾಯದ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ ಸಾಯಿತೇಜನ ಹೆಂಡತಿ ಲಕ್ಷ್ಮೀಪ್ರಸನ್ನ ತಟ್ಟೆಯನ್ನು ಮಂಚದ ಮೇಲೆ ಎಸೆದಂತೆ ಇಟ್ಟು, ಹೇಮಾಕ್ಷಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು. ಹೇಮಾಕ್ಷಿ ಇಲ್ಲದ ದಿನಗಳಲ್ಲಿ ಅಜ್ಜಿಗೆ ಸೂಜಿ ಹಾಕುತ್ತಿದ್ದವಳು ಅವಳೇ. ಎಷ್ಟು ಎಂಬುದು ಅವಳ ಕಣ್ಣಿಗೆ ಪಾಠವಾಗಿತ್ತು.

"ಇಷ್ಟಾ? ಡಾಕ್ಟರ್ ಹೇಳಿದ್ದಕ್ಕಿಂತ ಡಬಲ್ ಇದೆಯಲ್ಲಾ ಅತ್ತಯ್ಯಾ!"

ಹೇಮಾಕ್ಷಿ ಸಿರಿಂಜನ್ನು ಮತ್ತೆ ಬೆಳಕಿಗೆ ಹಿಡಿದಳು. ನಿಜ. ಎಳೆಯುವಾಗ ಬೆರಳು ಜಾರಿತ್ತು. ಜಾರಿದ್ದು ತಿಳಿಯಲಿಲ್ಲ, ಎಳೆದದ್ದು ಕಾಣಲಿಲ್ಲ. ಇಷ್ಟು ಔಷಧಿ ಈ ಮುದಿ ಜೀವದೊಳಗೆ ಹೋಗಿದ್ದರೆ... ಸಂಜೆಯೊಳಗೆ ಬೆವರಿ, ತೊದಲಿ, ನಿದ್ದೆ ಬಂದಂತೆ ಮಲಗಿ... ಅಯ್ಯೋ! ತನ್ನ ಕೈಯಿಂದಲೇ! ಹೆತ್ತ ತಂದೆಯ ಒಡಹುಟ್ಟಿದವಳನ್ನು!

ಕೋಟೇಶ್ವರಮ್ಮನವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕೂಗಿ ಮನೆಯೆಲ್ಲ ಒಂದು ಮಾಡಿದರು.

"ಪ್ರಸಾದೂ! ಬಾರೋ ಇಲ್ಲಿ! ನಿನ್ನ ಹೆಂಡ್ತಿ ನನ್ನ ಕೊಂದಬಿಡ್ತಿದ್ಲೋ! ಅಣ್ಣನ ಮಗಳಂತ ಹೊಟ್ಟಿ ಮುಂದ ಮಾಡಿ ಮಲಗಿದ್ರ... ಸೂಜಿಯಾಗ ಸಾವು ತುಂಬಿ ತಂದಾಳೋ!"

"ಅತ್ತೆ, ಹಾಗನ್ನಬೇಡಿ..." ಹೇಮಾಕ್ಷಿ ಸಿರಿಂಜನ್ನು ಕೆಳಗಿಳಿಸಿದಳು. "ಕೈ ಜಾರಿತು ಅತ್ತೆ. ನನ್ನ ಕೈ..."

ದುರ್ಗಾಪ್ರಸಾದ ಬಂದವನೇ ಮೊದಲು ಮಾಡಿದ ಕೆಲಸ, ಬೀದಿ ಬಾಗಿಲು ಹಾಕಿದ್ದು. ಒನ್ ಟೌನಿನ ಬಟ್ಟೆ ಸಗಟು ಅಂಗಡಿಯಲ್ಲಿ ಗುಮಾಸ್ತನಾಗಿ ಸವೆದ ಮನುಷ್ಯ ಅವನು. ಯಜಮಾನರ ಮಕ್ಕಳು ಅಂಗಡಿ ಮುಚ್ಚಿ ಹೈದರಾಬಾದಿಗೆ ಹೋದಮೇಲೆ ಪಿಂಚಣಿಯೂ ಇಲ್ಲ, ಕೆಲಸವೂ ಇಲ್ಲ. ಮಗನದು ವರ್ಷ ವರ್ಷವೂ ನವೀಕರಣವಾಗಬೇಕಾದ ಗುತ್ತಿಗೆ ಕೆಲಸ. ಮನೆ ನಡೆಯುತ್ತಿದ್ದದ್ದು ಹೇಮಾಕ್ಷಿಯ ಸಂಬಳದಲ್ಲಿ. ಅದನ್ನು ಅವಳು ಯಾವತ್ತೂ ಆಡಿ ತೋರಿಸಿದವಳಲ್ಲ.

"ಏನಾಯ್ತು ಈಗ? ಏನೂ ಆಗ್ಲಿಲ್ವಲ್ಲ. ಟೀವಿ ಸದ್ದಿಗೆ ಗಮನ ತಪ್ಪಿರತ್ತೆ. ಅಷ್ಟೇ," ಎಂದ.

ಆಗ ಹೇಮಾಕ್ಷಿ ಹೇಳಿಬಿಟ್ಟಳು. ತಿಂಗಳುಗಟ್ಟಲೆ ನುಂಗಿಕೊಂಡದ್ದನ್ನು ಗೋಡೆಗೆ ಒರಗಿ ನಿಂತು ಹೇಳಿದಳು.

"ಟೀವಿ ಅಲ್ಲ ಬಾವ. ನನ್ನ ಕೈ ನಡುಗುತ್ತೆ. ವಾರ್ಡಿನಲ್ಲಿ ಹೋದ ವಾರ ಒಂದು ಕೂಸು... ಇಷ್ಟುದ್ದ ಕೈ ಅದಕ್ಕೆ. ನರ ಸಿಗಲಿಲ್ಲ. ಚುಚ್ಚಿದೆ, ಚುಚ್ಚಿದೆ... ಅದು ಅಳೋ ಶಕ್ತಿಯೂ ಇಲ್ಲದೆ ನನ್ನ ಮುಖ ನೋಡ್ತಿತ್ತು. ಕೊನೆಗೆ ನಮ್ಮ ಕಿರಿಯ ನರ್ಸು ಸಾಹಿತ್ಯ ಬಂದು ಹಾಕಿದಳು. 'ಅಮ್ಮಾ, ನಿಮಗೆ ಸುಸ್ತಾಗಿದೆ' ಅಂದಳು ಪಾಪ, ಎಲ್ಲರೆದುರಿಗೆ ನನ್ನ ಮಾನ ಕಾಪಾಡೋಕೆ. ಸುಸ್ತಲ್ಲ ಬಾವ. ನನಗೆ ಗೊತ್ತು. ನಾನು ಸ್ವಯಂ ನಿವೃತ್ತಿ ಕೇಳಿಬಿಡ್ತೀನಿ."

ಹಜಾರದಲ್ಲಿ ಟೀವಿಯವನು ಸರ್ಕಾರಿ ನೌಕರರ ಸಂತೋಷವನ್ನು ವರ್ಣಿಸುತ್ತಿದ್ದ.

"ಕಣ್ಣು ತೋರಿಸೋಣಮ್ಮಾ," ಎಂದ ಸಾಯಿತೇಜ. "ಕ್ಯಾಟರಾಕ್ಟ್ ಇರ್ಬಹುದು. ಈಗ ಹತ್ತು ನಿಮಿಷದ ಆಪರೇಷನ್."

"ಕಣ್ಣಿಗಾದರೆ ಆಪರೇಷನ್ ಇದೆ ಕಣೋ. ಈ ಕೈಗೆ?"

"ಎರಡು ವರ್ಷ ಅಂದ್ರೆ ಎಷ್ಟು ಹೊತ್ತು ಹೇಮಾ?" ದುರ್ಗಾಪ್ರಸಾದ ಮೆತ್ತಗೆ ಹೇಳಿದ. "ಮಾರ್ಚಿಗೆ ಇವನ ಕಾಂಟ್ರಾಕ್ಟ್ ಏನಾಗತ್ತೋ ಗೊತ್ತಿಲ್ಲ. ಪಿಂಚಣಿ ಅಂದ್ರೆ ಅರ್ಧಕ್ಕೆ ಬರತ್ತೆ. ಎಲ್ಲರೂ ಕುಣೀತಿರೋವಾಗ ನೀನೊಬ್ಬಳು ಬೇಡ ಅಂತೀಯಾ? ಕೈ ನಡುಗೋ ವಿಷಯ ಅಲ್ಲಿ ಯಾರ ಹತ್ರಾನೂ ಬಾಯಿ ಬಿಡಬೇಡ. ಮೆಡಿಕಲ್ ಬೋರ್ಡು ಅದು ಇದು ಅಂತ ಎಳೆದಾಡ್ತಾರೆ." ಒಂದು ಕ್ಷಣ ತಡೆದು, ತಾಯಿಯ ಕಡೆ ನೋಡಿ, ಸಿರಿಂಜನ್ನು ಅವಳ ಕೈಯಿಂದ ತೆಗೆದು ಸೊಸೆಗೆ ಕೊಟ್ಟ. "ಮನೇಲಿ ಮಾತ್ರ ಇನ್ಮೇಲೆ ನೀನು ಸೂಜಿ ಮುಟ್ಟಬೇಡ. ಅಮ್ಮನಿಗೆ ಪ್ರಸನ್ನಾನೇ ಹಾಕ್ಲಿ."

ಹೇಮಾಕ್ಷಿ ಗಂಡನ ಮುಖವನ್ನೇ ನೋಡಿದಳು. ಅವನಿಗೆ ತಾನು ಹೇಳಿದ್ದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ.

"ಮನೇಲಿ ಮಾತ್ರಾನಾ ಬಾವ?"

"ಹ್ಞಾಂ?"

"ನಿಮ್ಮ ಅಮ್ಮನಿಗೆ ಬೇಡ ಈ ಕೈ. ಅಲ್ಲಿ ಇರೋವು ಯಾರ ಮಕ್ಕಳು? ಶ್ರೀಕಾಕುಳದಿಂದ, ಅರಕುವಿನಿಂದ ಬಸ್ಸು ಹತ್ತಿ ಎತ್ತಿಕೊಂಡು ಬರ್ತಾರೆ... 'ದೊಡ್ಡ ನರ್ಸಮ್ಮಾ, ನೀವೇ ಹಾಕಿ' ಅಂತ ನನ್ನೇ ಹುಡುಕ್ತಾರೆ... ಅವಕ್ಕೆ ಆಗಬಹುದಾ ಈ ಕೈ? ಹೇಳಿ ಬಾವ, ಅವಕ್ಕೆ ಆಗಬಹುದಾ?"

"ಅಲ್ಲಿ ಡಾಕ್ಟರ್ಸ್ ಇರ್ತಾರಲ್ಲಮ್ಮಾ," ಎಂದ ಮಗ, ನೆಲ ನೋಡುತ್ತ.

ಗಂಡ ಹಜಾರಕ್ಕೆ ಹೋಗಿ ಟೀವಿಯ ಸದ್ದು ಕಡಿಮೆ ಮಾಡಿದ. ಲಕ್ಷ್ಮೀಪ್ರಸನ್ನ ಹೆಚ್ಚಾಗಿದ್ದ ಔಷಧಿಯನ್ನು ಚೆಲ್ಲಿ, ಬೇರೆ ಸಿರಿಂಜಿನಲ್ಲಿ ಅಳತೆಗೆ ಎಳೆದು, ಅಜ್ಜಿಗೆ ಹಾಕಿದಳು. ಕೋಟೇಶ್ವರಮ್ಮ ಬೇಕೆಂದೇ "ಹಾ!" ಎಂದು ನರಳಿದರು.

ಸಂಜೆ ಹೇಮಾಕ್ಷಿ ಅಡುಗೆಮನೆಯಲ್ಲಿ ಗೋಂಗೂರ ಸೊಪ್ಪು ಬಿಡಿಸುತ್ತಿದ್ದಾಗ ಲಕ್ಷ್ಮೀಪ್ರಸನ್ನ ಬಂದು ಪಕ್ಕದಲ್ಲಿ ಕೂತಳು. ಅವಳೂ ಒಂದು ಕಟ್ಟು ತೆಗೆದುಕೊಂಡಳು.

"ಕೂಗಬಾರದಿತ್ತು ಅತ್ತಯ್ಯಾ. ನನ್ನನ್ನು ಕ್ಷಮಿಸಿ."

"ಕೂಗಿದ್ದೇ ಒಳ್ಳೇದಾಯ್ತು ತಾಯಿ. ನೀನು ಕೂಗದೆ ಇದ್ದಿದ್ರೆ..."

ಹುಡುಗಿ ಎಲೆ ಹರಿಯುತ್ತಲೇ ಇದ್ದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ತೆಲುಗಿನಲ್ಲಿ ಹೇಳಿದಳು: "ನೀವು ಬಂದುಬಿಡಿ ಅಂತ ಹೇಳಬೇಕು ಅನ್ನಿಸ್ತಿದೆ. ಆದ್ರೆ ಮಾರ್ಚಿಗೆ ಇವರ ಕೆಲಸ ಹೋದ್ರೆ ನಾನು ಯಾರ ಮುಖ ನೋಡಲಿ ಅತ್ತಯ್ಯಾ? ನನಗೆ ಹೇಳೋಕೆ ನಾಚಿಕೆ ಆಗ್ತಿದೆ... ಎರಡು ವರ್ಷ ಹೇಗಾದ್ರೂ ಓಡಿಸಿ."

ಸಿಟ್ಟಾದರೂ ಬಂದಿದ್ದರೆ ಎಷ್ಟು ಹಗುರವಾಗುತ್ತಿತ್ತು! ಆದರೆ ಆ ಹುಡುಗಿಯ ಕಣ್ಣಲ್ಲಿದ್ದದ್ದು ತನ್ನ ಎದೆಯಲ್ಲಿರುವಂಥದೇ ಹೆದರಿಕೆ ಎಂದು ಹೇಮಾಕ್ಷಿಗೆ ಗೊತ್ತಿತ್ತು. ಹೆದರಿದವರ ಮೇಲೆ ಹೆದರಿದವರು ಹೇಗೆ ಸಿಟ್ಟಾಗುವುದು? ಬಿಡಿಸಿದ ಸೊಪ್ಪನ್ನು ತೊಳೆಯಲು ಎದ್ದಳು.

ಒಳಗಿನಿಂದ ಅತ್ತೆ ಕರೆದರು. ಹೋಗಿ ಕಾಲಬುಡದಲ್ಲಿ ನಿಂತಳು.

"ಅಳಬ್ಯಾಡ. ಸಿಟ್ಟಿನ್ಯಾಗ ಅಂದೆ."

"ಇಲ್ಲ ಅತ್ತೆ."

"ಹೆಂಗಸರಿಗೆ ಎಲ್ಲೀ ರಿಟೈರು ಹೇಮಾ? ನಾನು ಕಣ್ಣು ಕಾಣೂತನಕ ಒಲಿ ಮುಂದ ಇದ್ದೆ. ಒಂದಿನ ಸೀರಿ ಹತ್ತಿ ಉರೀತು. ಆವತ್ತು ಬಿಡಿಸಿದ್ರು ಒಲಿ. ಏನರ ಸುಟ್ಟಮ್ಯಾಲೇ ನಮ್ಮನ್ನ ಬಿಡೋದು."

ಸಮಾಧಾನಕ್ಕೆಂದು ಹೇಳಿದ ಮಾತು ಅದು. ಹೇಮಾಕ್ಷಿ ಅತ್ತೆಯ ಕಾಲಿಗೆ ಹೊದಿಕೆ ಎಳೆದಳು. ಏನಾದರೂ ಸುಟ್ಟಮೇಲೆ... ಅಲ್ಲಿ ಸುಡುವುದು ತನ್ನ ಸೀರೆಯಲ್ಲ.

ಮರುದಿನ ಬೆಳಗಿನ ರೈಲಿಗೆ ಗಂಡ ಸ್ಕೂಟರಿನಲ್ಲಿ ಬಿಟ್ಟ. ಕಿಟಕಿಯ ಹೊರಗೆ ನಿಂತು ನೀರಿನ ಬಾಟಲಿ ಕೊಟ್ಟ. "ಟೈಮಿಗೆ ತಿನ್ನು ಹೇಮಾ," ಎಂದಷ್ಟೇ ಅಂದ. ಕಿಟಕಿಯ ಸರಳಿನ ಮೇಲೆ ಅವನಿಟ್ಟಿದ್ದ ಕೈಯನ್ನು ಅವಳು ನೋಡಿದಳು. ಅದೂ ಮುದಿಯಾಗಿತ್ತು. ಕೆಟ್ಟವನಲ್ಲ ತನ್ನ ಬಾವ. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು.

ರೈಲು ಗೋದಾವರಿ ದಾಟುವಾಗ ಎಲ್ಲರೂ ನಾಣ್ಯ ಎಸೆದು ಕೈಮುಗಿದರು. ಹೇಮಾಕ್ಷಿಯೂ ಕೈಮುಗಿದಳು. ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಕೆಲಸ ಉಳಿಯಲಿ ಎಂದರೆ ಕೂಸುಗಳಿಗೆ ದ್ರೋಹ, ಹೋಗಲಿ ಎಂದರೆ ಮನೆಗೆ ದ್ರೋಹ.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಬಾಡಿಗೆ ಕೋಣೆಯಲ್ಲಿ ಬ್ಯಾಗ್ ಇಟ್ಟು, ಮುಖ ತೊಳೆದು, ಮಧ್ಯಾಹ್ನದ ಪಾಳಿಗೆ ಹೋದಳು. ಮಕ್ಕಳ ವಾರ್ಡಿನ ಬಾಗಿಲಲ್ಲೇ ಎಲ್ಲರೂ ಮುತ್ತಿಕೊಂಡರು. "ಹೇಮಮ್ಮಾ, ಪಾರ್ಟಿ ಯಾವಾಗ? ನಮ್ಮನ್ನ ಬಿಟ್ಟು ಹೋಗ್ತೀವಿ ಅಂತಿದ್ರಲ್ಲಾ, ಸರ್ಕಾರವೇ ಹಿಡಿದು ಕೂರಿಸ್ತು ನೋಡಿ!" ಅವಳೂ ನಕ್ಕಳು. ನಗದೆ ಏನು ಮಾಡುವುದು?

ಮೂಲೆಯ ಮಂಚದಲ್ಲಿ ವಾಂತಿಭೇದಿಯಿಂದ ಬಾಡಿದ ಹೊಸ ಕೂಸು. ಬಗಲಲ್ಲಿ ಬಟ್ಟೆಯ ಗಂಟು ಹಿಡಿದ ತಾಯಿ. ನರ ಸಿಗುತ್ತಿಲ್ಲವೆಂದು ಸಾಹಿತ್ಯ ಟ್ರೇಯನ್ನು ಹೇಮಾಕ್ಷಿಯ ಮುಂದೆ ಹಿಡಿದಳು. ಕಷ್ಟದ ನರಗಳೆಲ್ಲ ದೊಡ್ಡ ನರ್ಸಮ್ಮನ ಪಾಲಿಗೆ ಎಂಬುದು ಆ ವಾರ್ಡಿನ ಹಳೆಯ ರೂಢಿ. ಹೋದ ವಾರದ್ದನ್ನು ಆ ಹುಡುಗಿ ಮರೆತಂತೆ ಇದ್ದಳು, ಇಲ್ಲವೇ ಗೌರವಕ್ಕೆ ಮರೆತಳು. ಕೂಸಿನ ತಾಯಿ ಕೈಮುಗಿದಳು.

ಹೇಮಾಕ್ಷಿಯ ಕೈ ಟ್ರೇಯ ಕಡೆಗೆ ಅಭ್ಯಾಸಬಲದಿಂದ ಹೋಯಿತು... ಅರ್ಧ ದಾರಿಯಲ್ಲಿ ನಿಂತಿತು.

"ನೀನೇ ಹಾಕು. ನಾನು ಹಿಡ್ಕೋತೀನಿ."

"ಅಮ್ಮಾ, ನಿಮ್ಮ ಕೈಲಾದ್ರೆ ಒಂದೇ ಸಲಕ್ಕೆ..."

"ನೀನೇ ಹಾಕು ಅಂದೆ."

ದನಿ ತಾನಂದುಕೊಂಡದ್ದಕ್ಕಿಂತ ಒರಟಾಗಿ ಬಂತು. ಪಕ್ಕದಲ್ಲಿದ್ದವಳು ಯಾರೋ "ಎರಡು ವರ್ಷ ಸಿಕ್ಕಿದ್ದೇ ಸಿಕ್ಕಿದ್ದು, ದೊಡ್ಡಸ್ತಿಕೆ ಬಂದುಬಿಡ್ತು ನೋಡು!" ಎಂದು ಪಿಸುಗುಟ್ಟಿದ್ದು ಕೇಳಿಸಿತು. ಕೇಳಿಸಿಕೊಂಡಳು. ಮಂಚದ ಅಂಚಿಗೆ ಕೂತು ಕೂಸಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸಾಹಿತ್ಯ ಹುಡುಕಿ, ಬೆರಳಿನಿಂದ ತಟ್ಟಿ, ಮತ್ತೆ ಹುಡುಕಿ, ಚುಚ್ಚಿದಳು. ಕೂಸು ಕಿರುಚಿತು. ಸಲೈನಿನ ಹನಿ ಇಳಿಯತೊಡಗಿತು.

ಪಕ್ಕದ ಮಂಚದಲ್ಲಿ ಮತ್ತೊಂದು ಮಗು ಹಾಸಿಗೆ ಹೊಲಸು ಮಾಡಿಕೊಂಡಿತ್ತು. ಆಯಾ ಇನ್ನೂ ಬಂದಿರಲಿಲ್ಲ. ಹೇಮಾಕ್ಷಿ ಎದ್ದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಮಗುವನ್ನು ಎತ್ತಿ, ಒದ್ದೆ ಬಟ್ಟೆ ಎಳೆಯತೊಡಗಿದಳು. ಸೊಂಟ ಚಳಕ್ ಎಂದಿತು. ಇಷ್ಟು ವರ್ಷ ಸರ್ವೀಸಾದ ನರ್ಸು ಆಯಾ ಕೆಲಸ ಮಾಡುವುದೇ ಎಂದು ನಾಳೆ ಎಲ್ಲರೂ ಕೇಳುತ್ತಾರೆ. ಸೂಜಿಯನ್ನೇಕೆ ಮುಟ್ಟುವುದಿಲ್ಲ ಎಂದು ನಾಡಿದ್ದು ಸೂಪರಿಂಟೆಂಡೆಂಟರು ಕೇಳುತ್ತಾರೆ. ಅವಳು ತೀರ್ಮಾನಿಸಿದ್ದು ಇಷ್ಟೇ: ಸೊಂಟ ಇರುವವರೆಗೆ ಹಾಸಿಗೆ ಬದಲಿಸುತ್ತೇನೆ, ಮೈ ಒರೆಸುತ್ತೇನೆ, ಬೇಸಿನ್ನು ಹಿಡಿಯುತ್ತೇನೆ. ಸೂಜಿ ಮಾತ್ರ ಇನ್ನು ಈ ಜನ್ಮದಲ್ಲಿ ಹಿಡಿಯುವುದಿಲ್ಲ. ಸಂಬಳ ಎಷ್ಟು ದಿನ ಬರುತ್ತದೋ ಬರಲಿ.

ಏಪ್ರನ್ನಿನ ಜೇಬಿನಲ್ಲಿ ಫೋನು ಮಿಡಿಯಿತು. ದುರ್ಗಾಪ್ರಸಾದ.

"ತಲುಪಿದ್ಯಾ ಹೇಮಾ? ಎಲ್ಲಾ ಸರಿ ಇದೆಯಾ?"

"ಹ್ಞೂ ಬಾವ. ಎಲ್ಲಾ ಸರಿ ಇದೆ," ಎಂದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ತೊಳೆದ ಬಟ್ಟೆಯನ್ನು ಮಂಚದ ಮೇಲೆ ಹಾಸಿ, ಮೂಲೆಗಳನ್ನು ಒಳಕ್ಕೆ ಮಡಚಿದಳು.