ಮೂವತ್ತೊಂದನೆಯ ಮನೆ

೨೦೧೬ರ ನವೆಂಬರ್ ಹದಿನೆಂಟು, ಶುಕ್ರವಾರ. ಸ್ಕಾರ್‌ಬರೋದ ನಮ್ಮ ಅಪಾರ್ಟ್‌ಮೆಂಟಿನ ಏಳನೆಯ ಮಹಡಿಗೆ ಬಂದ ಹುಡುಗಿ ಶೂ ಬಿಚ್ಚುವ ಮೊದಲೇ ಅಳತೊಡಗಿದಳು.

“ಆಂಟಿ, ನಾನೇನೂ ಕದ್ದಿಲ್ಲ. ಸೋಮವಾರದೊಳಗೆ ಫೈಲ್ ಸಿಗದಿದ್ರೆ ಪೊಲೀಸ್ ಕಂಪ್ಲೇಂಟ್ ಅಂತೆ. ಕೇಸಾದ್ರೆ ಇಲ್ಲಿ ಓದೋಕೆ ಕೊಟ್ಟಿರೋ ಸ್ಟಡಿ ಪರ್ಮಿಟ್ ಕತೆ ಮುಗೀತು.”

“ಮೊದ್ಲು ಮೂಗು ಒರೆಸ್ಕೊ. ಆಮೇಲೆ ಬಿಡಿಸಿ ಹೇಳು,” ಎಂದರು ದ್ರಾಕ್ಷಾಯಿಣಿ.

ಅವರು ಮೈಸೂರಿನ ಸರ್ವೆ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ಗ್ರಾಮನಕ್ಷೆಗಳನ್ನು ನೋಡಿಕೊಂಡವರು. ನಾನು, ಭಾಸ್ಕರ, ಅವರ ಎದುರು ಮನೆಯವನು. ಹಿಂದೆ ಊರಲ್ಲಿ ಪತ್ರಿಕೆಯೊಂದರ ಉಪಸಂಪಾದಕ, ಈಗ ಈ ದೇಶಕ್ಕೆ ಬಂದು ರೆಕ್ಸ್‌ಡೇಲ್‌ನ ಗೋದಾಮೊಂದರ ನೌಕರ. ಅವರು ಬಿಡಿಸಿದ ಕೇಸುಗಳಲ್ಲಿ ಕಾರು ನನ್ನದು, ತಲೆ ಅವರದು.

ಆ ಹುಡುಗಿ, ಸಾಹಿತ್ಯ, ಹೇಳಿದ್ದು ಇಷ್ಟು. ಬರ್ಲಿಂಗ್ಟನ್‌ನಲ್ಲಿ ವಿಲ್ಹೆಲ್ಮ್ ಕೋಲ್ಬ್ ಎಂಬ ಎಂಬತ್ತಾರು ವರ್ಷದ ಜರ್ಮನ್ ಮುದುಕ ಒಬ್ಬನೇ ಇದ್ದ. ಹುಟ್ಟೂರು ಎರ್ಲೆನ್‌ಗ್ರುಂಡ್, ಐವತ್ತೆರಡು ಮನೆಗಳ ಹಳ್ಳಿ. ನಲವತ್ತು ವರ್ಷಗಳಿಂದ ಮನೆಗೊಂದು ಫೈಲಿನಂತೆ ಅದರ ಚರಿತ್ರೆ ಕೂಡಿಸಿದ್ದ. ಮುಂದಿನ ಬೇಸಿಗೆಗೆ ಹಳ್ಳಿಯ ಹೆಸರು ಮೊದಲ ಸಲ ದಾಖಲೆಯಲ್ಲಿ ಕಂಡು ಏಳುನೂರು ವರ್ಷ; ಅಷ್ಟರೊಳಗೆ ಪುಸ್ತಕ ಕೊಡುವುದಾಗಿ ಹಳ್ಳಿಯವರಿಗೆ ಮಾತು ಕೊಟ್ಟಿದ್ದ. ಕಾಲೇಜಿನ ಹುಡುಗಿ ಸಾಹಿತ್ಯ ಮಂಗಳವಾರ, ಗುರುವಾರ ಹೋಗಿ ಆ ಫೈಲುಗಳನ್ನು ಸ್ಕ್ಯಾನ್ ಮಾಡುತ್ತಿದ್ದಳು. ಮಂಗಳವಾರಕ್ಕೆ ಮೂವತ್ತು ಮುಗಿದಿದ್ದವು. ಗುರುವಾರ ಫೈಲುಗಳ ಟ್ರಂಕು ತೆರೆದರೆ ಮೂವತ್ತೊಂದು ಇರಲಿಲ್ಲ.

“ಇನ್ನೊಂದು ವಿಚಿತ್ರ ಆಂಟಿ. ಮಂಗಳವಾರ ನಾನು ಎಲ್ಲಾನೂ ಒಂದು, ಎರಡು, ಮೂರು ಅಂತ ನೀಟಾಗಿ ಜೋಡ್ಸಿಟ್ಟಿದ್ದೆ. ಗುರುವಾರ ನೋಡಿದ್ರೆ ಮತ್ತೆ ಮೊದಲಿನ ಹಾಗೇ ಕಲಸುಮೇಲೋಗರ. ಅಜ್ಜನಿಗೆ ಹೇಳಿದ್ರೆ, ‘ಅದು ಯಾವಾಗಲೂ ಹಾಗೇ ಇತ್ತು, ನೀನು ಸುಳ್ಳಿ’ ಅಂದ.”

“ಜೋಡಿಸಿದ್ದಕ್ಕೆ ಸಾಕ್ಷಿ?”

ಅವಳು ಫೋನು ತೋರಿಸಿದಳು. ಟ್ರಂಕಿನ ಫೋಟೊ, ಮಂಗಳವಾರ ಸಂಜೆ ಐದೂ ನಲವತ್ತು. ಫೈಲುಗಳ ಬೆನ್ನಿನ ಅಂಕಿಗಳು ಒಂದರಿಂದ ಐವತ್ತೆರಡರವರೆಗೆ ಸಾಲಾಗಿದ್ದವು. ದ್ರಾಕ್ಷಾಯಿಣಿ ಅದನ್ನು ಬಹಳ ಹೊತ್ತು ನೋಡಿದರು.

ಮರುದಿನ ಬೆಳಿಗ್ಗೆ ಮೂವರೂ ಬರ್ಲಿಂಗ್ಟನ್‌ಗೆ ಹೋದೆವು. ಸರೋವರದ ಗಾಳಿಗೆ ಬಾಗಿಲು ತೆಗೆಯುವುದೇ ಕಷ್ಟವಾಗಿತ್ತು. ಒಳಗೆ ಆರು ಕುರ್ಚಿಗಳ ಮೇಜು. ನಾಲ್ಕರ ಮೇಲೆ ಕಾಗದದ ಕಟ್ಟುಗಳು. ಮನುಷ್ಯರು ಕೂರುವ ಜಾಗ ಎರಡೇ ಉಳಿದಿದ್ದವು.

“ಕಳ್ಳಿಯ ವಕೀಲರೋ?” ಎಂದ ಕೋಲ್ಬ್.

“ಅಲ್ಲ, ನಕ್ಷೆ ಓದುವವಳು. ಟ್ರಂಕು ನೋಡಬಹುದೆ?”

ಫೈಲುಗಳು ಒಂದು, ನಲವತ್ತೇಳು, ಹನ್ನೆರಡು, ಮೂರು ಎಂದು ನಿಂತಿದ್ದವು. ಈ ಕ್ರಮವೇಕೆಂದು ಕೇಳಿದಾಗ ಮುದುಕನ ಮುಖ ಸಡಿಲವಾಯಿತು. ಹಳ್ಳಿಯಲ್ಲಿ ಬೆಂಕಿ ವಿಮೆಯವರು ಮನೆ ಕಟ್ಟಿದ ಕಾಲದಂತೆ ನಂಬರು ಕೊಟ್ಟಿದ್ದರು. ಒಂದನೆಯ ಮನೆಯ ಪಕ್ಕದ ತೋಟದಲ್ಲಿ ಆಮೇಲೆ ಎದ್ದದ್ದು ನಲವತ್ತೇಳನೆಯದು. ಅವನು ಜೋಡಿಸಿದ್ದು ಹಾಲಿನ ಗಾಡಿ ಮನೆ ಮನೆ ಮುಂದೆ ನಿಲ್ಲುತ್ತಿದ್ದ ಕ್ರಮದಲ್ಲಿ. ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. “ಬರೆಯಬೇಕೇಕೆ? ಕಣ್ಣು ಮುಚ್ಚಿದರೆ ಕಾಣುತ್ತದೆ,” ಎಂದ.

“ನಮ್ಮ ಸರ್ವೆ ನಂಬರೂ ಹೀಗೇ ಕಣೋ ಭಾಸ್ಕರ, ಓಡಾಡೋ ದಾರಿಗೂ ಅದಕ್ಕೂ ಸಂಬಂಧವೇ ಇರಲ್ಲ,” ಎಂದು ನನ್ನತ್ತ ತಿರುಗಿದರು ದ್ರಾಕ್ಷಾಯಿಣಿ.

ಅವರು ಕೇಳಿದ್ದು ಇನ್ನು ಎರಡೇ ಪ್ರಶ್ನೆ. ಬುಧವಾರ ಕೋಲ್ಬ್ ಎಲ್ಲಿದ್ದ? ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಣ್ಣಾಸ್ಪತ್ರೆಯಲ್ಲಿ. ಕರೆದೊಯ್ದವನು ಮಗಳ ಮಗ ಡೆರೆಕ್, ಕ್ಷಣವೂ ಬಿಟ್ಟು ಹೋಗಿರಲಿಲ್ಲ. ಮನೆಯ ಕೀಲಿ ಯಾರ ಬಳಿ ಇದೆ? ಡೆರೆಕ್, ಸಾಹಿತ್ಯ, ಮತ್ತು ಎದುರು ಮನೆಯ ಹೆಡ್ವಿಗ್. ಎಂಬತ್ತೆರಡರ ಈ ವಿಧವೆ ಒಂಬತ್ತು ವರ್ಷಗಳಿಂದ ಗಿಡಗಳಿಗೆ ನೀರು ಹಾಕುತ್ತಿದ್ದಳು, ದಿನವೂ ಮೂರಕ್ಕೆ ಅವನೊಂದಿಗೆ ಕಾಫಿ ಕುಡಿಯುತ್ತಿದ್ದಳು. ಹ್ಯಾಂಬರ್ಗ್ ನಗರದವಳು ಎಂದ ಕೋಲ್ಬ್.

ಅಂದು ಮೂರಕ್ಕೆ ದ್ರಾಕ್ಷಾಯಿಣಿ ಎಲ್ಲರನ್ನೂ ಸೇರಿಸಿದರು. ಕಾಗದದ ಕಟ್ಟುಗಳು ನೆಲಕ್ಕಿಳಿದವು. ಹೆಡ್ವಿಗ್ ಸೇಬಿನ ಕೇಕು ತಂದಿದ್ದಳು. ಡೆರೆಕ್ ವಾಚು ನೋಡುತ್ತ, “ಅಜ್ಜ, ಹಳೇ ಕಾಗದಕ್ಕೆ ಇಷ್ಟು ಗಲಾಟೆಯಾ?” ಎಂದ.

ದ್ರಾಕ್ಷಾಯಿಣಿ ಹತ್ತು ಫೈಲುಗಳನ್ನು ಅವನ ಮುಂದಿಟ್ಟು, “ಇವನ್ನು ಜೋಡಿಸಿ ಕೊಡಪ್ಪ,” ಎಂದರು. ಅವನು ಅರೆನಿಮಿಷದಲ್ಲಿ ಜೋಡಿಸಿದ: ಒಂದು, ಎರಡು, ಮೂರು, ನಾಲ್ಕು.

“ಹೊರಗಿನವರು ಯಾರಾದರೂ ಹೀಗೇ ಜೋಡಿಸುತ್ತಾರೆ. ಮಂಗಳವಾರ ಸಾಹಿತ್ಯಳೂ ಹೀಗೇ ಮಾಡಿದ್ದಳು, ಫೋಟೊ ಇದೆ. ಗುರುವಾರದ ಹೊತ್ತಿಗೆ ಅವು ಹಾಲಿನ ಗಾಡಿಯ ಕ್ರಮಕ್ಕೆ ಮರಳಿದ್ದವು. ಮೂವತ್ತೊಂದು ಒಂದೇ ಸಾಕೆಂದು ಗೊತ್ತಿದ್ದಿದ್ದರೆ ಕಳ್ಳರು ಅದನ್ನೆಳೆದುಕೊಂಡು ಹೋಗುತ್ತಿದ್ದರು. ಅವರು ಎಲ್ಲವನ್ನೂ ಹೊರಗೆ ತೆಗೆದರು. ತಾವು ಹೆದರಿದ ಕಾಗದ ಯಾವ ಮನೆಯ ಫೈಲಿನಲ್ಲಿದೆಯೋ ಗೊತ್ತಿರಲಿಲ್ಲ. ಓದಿ ಮುಗಿಸಿ ತಿರುಗಿ ಇಡುವಾಗ ಕೈ ತಾನಾಗಿಯೇ ಬೀದಿಯಲ್ಲಿ ನಡೆಯಿತು. ಆ ಬೀದಿಯಲ್ಲಿ ಓಡಾಡಿದವರಿಗೆ ಮಾತ್ರ ಅದು ಸಾಧ್ಯ. ಸಾಹಿತ್ಯ ಆ ಹಳ್ಳಿ ಕಂಡಿಲ್ಲ, ಡೆರೆಕ್ ಕೂಡ ಕಂಡಿಲ್ಲ. ಕೋಲ್ಬ್ ಅವರು ಮಧ್ಯಾಹ್ನದವರೆಗೆ ಆಸ್ಪತ್ರೆಯಲ್ಲಿದ್ದರು. ಆಮೇಲೆ ಒಂದು ಕಣ್ಣಿಗೆ ಪಟ್ಟಿ, ಅಂದು ಓದುವಂತಿರಲಿಲ್ಲ. ದಿನವೂ ಕಾಫಿಗೆ ಬಂದು, ಗುರುವಾರ ಮೂವತ್ತೊಂದರ ಸರದಿ ಎಂಬುದನ್ನು ಆಗಲೇ ತಿಳಿದಿದ್ದವರು, ಕೀಲಿ ಇದ್ದವರು, ಇನ್ನೊಬ್ಬರೇ.”

ಯಾರೂ ಕೇಕು ಮುಟ್ಟಲಿಲ್ಲ.

“ಹ್ಯಾಂಬರ್ಗ್‌ಗೆ ಹೋದಾಗ ನನಗೆ ಹನ್ನೊಂದು ವರ್ಷ,” ಎಂದಳು ಹೆಡ್ವಿಗ್. “ಅದಕ್ಕೆ ಮೊದಲು ಮೂವತ್ತೊಂದನೆಯ ಮನೆಯಲ್ಲಿದ್ದೆ. ವಿಲ್ಹೆಲ್ಮ್, ನಿನ್ನ ಅಣ್ಣ ವೈರಿಗಳ ರೇಡಿಯೊ ಕೇಳುತ್ತಾನೆ ಎಂದು ದೂರು ಬರೆದವನು ನನ್ನಪ್ಪ.”

ಕೋಲ್ಬ್‌ನ ಅಣ್ಣನನ್ನು ಯುದ್ಧಕಾಲದ ಆ ಅಪರಾಧಕ್ಕೆ ೧೯೪೪ರಲ್ಲಿ ಪೊಲೀಸರು ಒಯ್ದಿದ್ದರು, ಅವನು ಮರಳಲಿಲ್ಲ. ದೂರಿನ ಪ್ರತಿ ಆ ಫೈಲಿನಲ್ಲಿತ್ತು. ಮುದುಕನಿಗೆ ಬರೆದವನ ಹೆಸರು ಗೊತ್ತಿತ್ತು. ಅವನ ಮಗಳು ದಿನವೂ ತನ್ನೆದುರು ಕೂರುತ್ತಾಳೆ ಎಂಬುದು ಗೊತ್ತಿರಲಿಲ್ಲ.

“ಒಂಬತ್ತು ವರ್ಷ,” ಎಂದ ಅವನು.

“ಹೇಳಿದ್ದರೆ ಮಾರನೆಯ ದಿನ ಬಾಗಿಲು ತೆಗೆಯುತ್ತಿದ್ದೆಯಾ? ನನಗೂ ಬೇರೆ ಯಾರಿದ್ದರು?” ಅವಳು ಚೀಲದಿಂದ ಫೈಲು ತೆಗೆದಳು. “ಸುಡಲೆಂದೇ ಒಯ್ದೆ. ಇದರಲ್ಲಿ ಅಮ್ಮನ ಫೋಟೊ ಸಿಕ್ಕಿತು. ನನ್ನ ಬಳಿ ಒಂದೂ ಇರಲಿಲ್ಲ.” ಆಮೇಲೆ ಸಾಹಿತ್ಯಳಿಗೆ, “ನಿನ್ನ ಮೇಲೆ ಬರುತ್ತದೆಂದು ಗೊತ್ತಾದ ಮೇಲೂ ಸುಮ್ಮನಿದ್ದೆ. ಅದಕ್ಕೆ ನೆಪ ಹೇಳುವುದಿಲ್ಲ,” ಎಂದಳು.

ಕೋಲ್ಬ್ ಎದ್ದು ನಿಂತು ಸಾಹಿತ್ಯಳ ಕ್ಷಮೆ ಕೇಳಿದ, ಕಷ್ಟಪಟ್ಟು, ಪೂರ್ತಿ ವಾಕ್ಯದಲ್ಲಿ. ಪೊಲೀಸ್ ಕಂಪ್ಲೇಂಟಿನ ಮಾತು ಅಲ್ಲಿಗೇ ಮುಗಿಯಿತು.

ಹೊರಡಲೆಂದು ಹೆಡ್ವಿಗ್ ಕೋಟಿನ ಒಂದು ತೋಳು ಹಾಕಿದ್ದಳು. ಕೋಲ್ಬ್ ಫೈಲು ಬಿಚ್ಚಿದ. “ನಿನ್ನಪ್ಪನ ದೂರು ಪುಸ್ತಕದಲ್ಲಿ ಇರುತ್ತದೆ. ಹೆಸರು ಸಮೇತ.”

“ಇರಲಿ.”

ಅವನು ಫೋಟೊವನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದ. ಹುಲ್ಲು ಒಟ್ಟುವ ದಿನದ ಗುಂಪು, ಹದಿನಾಲ್ಕು ಜನ. ಫೋಟೊದ ಹಿಂಬದಿಯಲ್ಲಿ ಐದು ಹೆಸರುಗಳಷ್ಟೇ ಇದ್ದವು. ಅವಳ ಮುಖ ನೋಡದೆ ಒಂದು ತಲೆಯ ಮೇಲೆ ಬೆರಳಿಟ್ಟ.

“ಇವಳು ಯಾರು?”

ಅವಳು ಹೆಸರು ಹೇಳಿದಳು. ಅವನು ಬರೆದುಕೊಂಡ. ಬೆರಳು ಪಕ್ಕದ ಮುಖಕ್ಕೆ ಸರಿಯಿತು. ಹೆಡ್ವಿಗ್ ಅರೆತೊಟ್ಟ ಕೋಟಿನಲ್ಲೇ ಕುರ್ಚಿಯ ಅಂಚಿಗೆ ಕುಳಿತಳು.