ಕೊನೆಯ ಸಾಲಿನ ಯಜಮಾನರು

ರೈಲು ಒಂದು ಸಲ ಬರೀ ಬಂಪರ್ ತೋರಿಸಿ ಇಡೀ ಕಾರಿನ ಬೆಲೆ ವಸೂಲು ಮಾಡಿದ್ದ. ಬಂಪರಿನ ಹಿಂದೆ ಇಂಜಿನ್ ಇರಲಿಲ್ಲ, ಸೀಟಿರಲಿಲ್ಲ, ಚಕ್ರವಂತೂ ಇರಲೇ ಇಲ್ಲ. ಕೊಂಡ ಪುಣ್ಯಾತ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಲ್ಲೇ ಹಾರ್ನ್ ಹೊಡೆಯುತ್ತ, ಗಾಳಿಯ ಮೇಲೆ ಕೂತು ಮನೆಗೆ ಹೋದ. ದಾರಿಯಲ್ಲಿ ಇಬ್ಬರು ಅವನನ್ನು ಓವರ್‌ಟೇಕ್ ಮಾಡಲು ನೋಡಿ ಸೋತರು. ನಂಬದವರು ರೈಲನ್ನೇ ಕೇಳಬಹುದಿತ್ತು. ಕೇಳಿದರೆ ಸೋತವರು ಮೂವರು ಎನ್ನುತ್ತಿದ್ದ. ಹಳೆಯ ಕಾರುಗಳನ್ನು ಹರಾಜು ಕೂಗುವವನಿಗೆ ರೈಲು ಎಂಬ ಹೆಸರು ಬಿದ್ದದ್ದು ಹೀಗೆ. ಬಾಯಿ ಬಿಟ್ಟರೆ ಬೋಗಿಗೆ ಬೋಗಿ ಸೇರಿ ಹೊರಟೇಬಿಡುತ್ತಿತ್ತು. ನಡುವೆ ನಿಲ್ದಾಣ ಎಂಬುದೇ ಇರಲಿಲ್ಲ.

ಇಂಥವನಿಗೆ, ಹೊಸ ಹರಾಜು ಶೆಡ್ಡಿಗೆ ಸೇರಿದ ಮೊದಲ ದಿನವೇ, ಒಂದು ಕುರ್ಚಿಗೆ ಹೆದರಿಕೊಂಡಿರು ಎಂದು ಹೇಳಿದರು.

ಹೇಳಿದವರು ಕೆಲಸ ಬಿಟ್ಟು ಹೋಗುತ್ತಿದ್ದ ಹಳೆಯ ಹರಾಜುಗಾರರು. ಫ್ಯಾನ್ ಹಾಕಿದರೆ ಹಾರಿಹೋದೇನೆಂದು ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಳ್ಳುವಷ್ಟು ಸಣಕಲು ಮನುಷ್ಯ. ಅವರ ಮಾತಿನಲ್ಲೂ ಎಲುಬು ಬಿಟ್ಟರೆ ಮಾಂಸವಿರಲಿಲ್ಲ.

“ಸುಳ್ಳು ಕೂಗು ಎಲ್ಲರೂ ಕೂಗ್ತಾರೆ. ನಾನೂ ಕೂಗಿದೀನಿ. ಕೊನೇ ಸಾಲಿನ ಮೂಲೆ ಕುರ್ಚಿ ಕಡೆ ಮಾತ್ರ ಕೈ ತೋರಿಸಬೇಡ.”

ಸುಳ್ಳು ಕೂಗು ಆ ಕಸುಬಿನಷ್ಟೇ ಹಳೆಯದು. ಗಿರಾಕಿಗಳು ಕೈ ಎತ್ತದೆ ಕೂತಾಗ ಹರಾಜುಗಾರ ಖಾಲಿ ಕುರ್ಚಿಯನ್ನೋ ಕಂಬವನ್ನೋ ತೋರಿಸಿ, ‘ಹಿಂದಿನ ಯಜಮಾನರು ಇಷ್ಟು ಅಂದರು’ ಎಂದು ಕೂಗುತ್ತಾನೆ. ಎದುರಾಳಿ ಇದ್ದಾನೆಂದು ನಂಬಿದ ನಿಜವಾದ ಗಿರಾಕಿ ಬಿಸಿಯೇರಿ ಇನ್ನೂ ಮೇಲೆ ಹೋಗುತ್ತಾನೆ. ಹಿಂದೆ, ಹಳೆಯ ಕಾರಿಗೆ ಜನ ಮುಗಿಬೀಳುತ್ತಿದ್ದ ಕಾಲದಲ್ಲಿ, ಹಳೆಯ ಹರಾಜುಗಾರರು ಆ ಮೂಲೆ ಕುರ್ಚಿಯನ್ನು ತೋರಿಸಿ ತೋರಿಸಿ ಒಬ್ಬ ಗಿರಾಕಿಯ ತಲೆ ಕೆಡಿಸಿದ್ದರು. ಆತ ಯಾರೂ ಇಲ್ಲದವರ ಜೊತೆ ಹಟಕ್ಕೆ ಬಿದ್ದು, ಒಂದು ಕಾರಿಗೆ ಮನೆಯ ಬೆಲೆ ಕೊಟ್ಟ. ಬೆಲೆಗಳು ಕುಸಿದ ಮೇಲೆ ಯಾರೋ ಅವನಿಗೆ ನಿಜ ಹೇಳಿದರು. ಆತ ಜಗಳಕ್ಕೆ ಬರಲಿಲ್ಲ. ಮಾಟ ಮಾಡುವವನೊಬ್ಬನನ್ನು ಕರೆದುಕೊಂಡು ಬಂದು, ಆ ಕುರ್ಚಿಯ ಅಡಿಗೆ ಏನನ್ನೋ ಮೊಳೆ ಹೊಡೆಸಿ ಹೋದ.

“ಸುಳ್ಳು ಕೂಗಿದ ಬಾಯನ್ನ ಈ ಕುರ್ಚಿ ಕೊಂಡ್ಕೊಳ್ಳುತ್ತೆ ಅಂದ,” ಎಂದರು ಹಳಬರು.

“ಕುರ್ಚೀನೇ ಸುಟ್ಟುಬಿಡಬಹುದಿತ್ತಲ್ಲ?”

“ಸುಟ್ಟೆ. ಬೇರೆ ಕುರ್ಚಿ ಹಾಕಿದ್ವಿ. ಅದರ ಕೆಳಗೂ ಇತ್ತು.”

ರೈಲು ಬಗ್ಗಿ ನೋಡಿದ. ತಾಮ್ರದ ತಂತಿ ಬಿಗಿದ ಒಂದು ಕೂದಲಿನ ಗಂಟು, ಅದರ ನಡುವೆ ತುಕ್ಕು ಹಿಡಿದ ಮೊಳೆ. ಸತ್ತ ಬ್ಯಾಟರಿಯ ಹುಳಿ ವಾಸನೆ. ಪೆನ್ನಿನ ತುದಿಯಿಂದ ತಿವಿದು ನಕ್ಕ. ಈ ಬಜಾರಿನಲ್ಲಿ ಏನನ್ನಾದರೂ ಕೊಳ್ಳುತ್ತೇನೆ ಎನ್ನುವವನು ಈ ಕುರ್ಚಿಯಪ್ಪನೊಬ್ಬನೇ, ಇವನನ್ನೂ ಓಡಿಸಿದರೆ ಅಂಗಡಿ ಮುಚ್ಚಬೇಕಷ್ಟೆ ಎಂದ. ಹಳಬರು ನಗಲಿಲ್ಲ.

“ನಾನು ಮರೆತು ಇನ್ನೊಂದ್ಸಲ ಆ ಕಡೆ ಕೈ ತೋರಿಸಿದೆ. ಅದಕ್ಕೇ ಕೆಲಸ ಬಿಡ್ತಿದೀನಿ,” ಎಂದು ಸುತ್ತಿಗೆ ಕೊಟ್ಟು ಹೊರಟುಹೋದರು.

ಅಂಗಡಿ ಮುಚ್ಚುವ ಮಾತು ತಮಾಷೆಯಾಗಿ ಉಳಿದಿರಲಿಲ್ಲ. ಒಂದೇ ಕಾರು ಮೂರು ಸಲ ಶೆಡ್ಡಿಗೆ ಬರುತ್ತಿತ್ತು: ಮೊದಲ ಸಲ ಮನೆಯ ಬೆಲೆಗೆ, ಎರಡನೇ ಸಲ ಅದರಲ್ಲಿ ಅಡುಗೆಮನೆ ಕಳೆದು, ಮೂರನೇ ಸಲ ಬರೀ ಮೆಟ್ಟಿಲಿನ ಬೆಲೆಗೆ. ಈ ಗಾಡಿಗಳಿಗೆ ಪ್ರಾಣ ಬಿಡುತ್ತಿದ್ದವರು ನಿಜವಾಗಿಯೇ ಪ್ರಾಣ ಬಿಡುತ್ತ ಬಂದಿದ್ದರು. ಅವರ ಮಕ್ಕಳಿಗೆ ಗಾಡಿ ನಿಂತ ಜಾಗ ಬೇಕಿತ್ತು, ಗಾಡಿಯಲ್ಲ. ಹರಾಜಿಗೆ ಬರುವ ಮುದುಕರು ಫ್ಯಾನಿನ ಕೆಳಗೆ ತೂಕಡಿಸುತ್ತಿದ್ದರು. ಒಬ್ಬ ಕೈ ಎತ್ತಿದನೆಂದರೆ ನೊಣ ಬಂದಿದೆ ಎಂದೇ ಅರ್ಥ. ರೈಲು ಸಂಜೆ ಹೊತ್ತಿಗೆ ಗಂಟಲು ಕಿತ್ತುಹೋಗುವಂತೆ ಕೂಗಿ, ಮಾರಾಟವಾಗದ ಕಾರುಗಳ ನಡುವೆ, ಒಂದು ಕಾರಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತುಬಿಡುತ್ತಿದ್ದ. ಅವಕ್ಕೂ ಸಾಕಾಗಿದೆ, ತನಗೂ ಸಾಕಾಗಿದೆ ಅನ್ನಿಸುತ್ತಿತ್ತು.

ಆ ವಾರ ಹರಾಜಿಗೆ ಬಂದದ್ದು ಅವನ ಅಕ್ಕನ ಕಾರು.

ಭಾವ ಅದನ್ನು ಹೆಂಡತಿಗಿಂತ ಹೆಚ್ಚು ಒರೆಸಿದವರು ಎಂದು ಅಕ್ಕನೇ ನಗೆಯಾಡುತ್ತಿದ್ದಳು. ಓಡಿಸುವಾಗ ಹಾಕುವ ಕಂದು ಚರ್ಮದ ಕೈಗವಸಿನ ಹೆಬ್ಬೆರಳು ಹರಿದಾಗ, ಮನೆಯಲ್ಲಿದ್ದ ಕೆಂಪು ದಾರದಿಂದ ಹೊಲಿದುಕೊಟ್ಟವಳೂ ಅವಳೇ. ಭಾವ ಹೋಗಿ ವರ್ಷವಾಗಿತ್ತು. ಅವಳು ಬಾಡಿಗೆಗಿದ್ದ ಎರಡು ಕೋಣೆಗಳನ್ನು ಮಾಲೀಕ ಮಾರಲು ಹೊರಟಿದ್ದ. ಕಾರಿಗೆ ಅರವತ್ತು ಸಾವಿರ ಬಂದರೆ ಕೋಣೆಗಳು ಅವಳವು; ಇಲ್ಲವಾದರೆ ಪಾತ್ರೆಪಗಡಿ ಕಟ್ಟಬೇಕು.

“ನೀನೇ ಕೂಗ್ಬೇಕು. ನಿನ್ನ ಬಾಯಿ ಇರೋವಾಗ ನನಗ್ಯಾಕೆ ಭಯ?” ಎಂದಿದ್ದಳು.

ಅವಳಿಗೆ ಅವನ ಬಾಯಿಯ ಮೇಲೆ ನಂಬಿಕೆ ಬಂದದ್ದು ಇನ್ನೊಂದು ಕಾರಣಕ್ಕೆ. ಭಾವ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆದಾಗ ಹತ್ತಿರ ಇದ್ದವನು ರೈಲು ಒಬ್ಬನೇ. ‘ಅವಳನ್ನ ಚೆನ್ನಾಗಿ ನೋಡ್ಕೋ’ ಅಂದರು ಎಂದು ಅವನು ಮೊದಲು ಹೇಳಿದ. ಅಕ್ಕ ಮತ್ತೆ ಕೇಳಿದಾಗ, ‘ಅವಳಿಲ್ಲದಿದ್ರೆ ನಾನು ಏನೂ ಅಲ್ಲ’ ಎಂಬುದೂ ಸೇರಿತು. ಅವಳು ಪ್ರತಿ ರಾತ್ರಿ ಬಟ್ಟೆ ಮಡಚುತ್ತ ಕೇಳುತ್ತಿದ್ದಳು, ಪ್ರತಿ ರಾತ್ರಿ ಒಂದು ಬೋಗಿ ಹೆಚ್ಚುತ್ತಿತ್ತು. ಈಗ ಆ ಕೊನೆಯ ಮಾತು ಎಷ್ಟು ಉದ್ದವಾಗಿತ್ತೆಂದರೆ, ಹೇಳಿ ಮುಗಿಸಲು ಭಾವ ಇನ್ನೊಂದು ವಾರ ಬದುಕಬೇಕಿತ್ತು. ಅದನ್ನು ಕೇಳಿದ ಮೇಲಷ್ಟೇ ಅವಳಿಗೆ ನಿದ್ದೆ.

ಹರಾಜಿನ ದಿನ ಅಕ್ಕ ಮೊದಲ ಸಾಲಿನಲ್ಲಿ ಕೂತಳು. ಶೆಡ್ಡಿಗೆ ಕಿಟಕಿಗಳಿರಲಿಲ್ಲ, ತಂತಿಗೆ ನೇತುಹಾಕಿದ ಬಲ್ಬುಗಳಷ್ಟೇ. ವೇದಿಕೆಯ ಮೇಲೆ ಕಾರು ಕಪ್ಪಗೆ ಹೊಳೆಯುತ್ತಿತ್ತು. ರೈಲು ಶುರುಮಾಡಿದ: ಈ ಗಾಡಿ ಎಷ್ಟು ಮೆತ್ತಗೆ ಓಡುತ್ತದೆಂದರೆ ಒಳಗೆ ಹುಟ್ಟಿದ ಮಗುವಿಗೆ ತೊಟ್ಟಿಲು ಹಿಡಿಸುವುದಿಲ್ಲ, ಇದರ ದೀಪದ ಬೆಳಕಿಗೆ ಕೋಳಿ ಕೂಗುತ್ತದೆ. ಮುದುಕರು ನಕ್ಕರು. ಕೈ ಎತ್ತಿದವನು ಗುಜರಿಯವನೊಬ್ಬ.

“ಹದಿನೈದು. ಕಬ್ಬಿಣ ಚೆನ್ನಾಗಿದೆ.”

ಹದಿನೈದು. ರೈಲು ಇನ್ನೊಂದು ಸಲ ಕೂಗಿದ. ಯಾರೂ ಅಲುಗಾಡಲಿಲ್ಲ. ಅಕ್ಕ ಮಡಿಲಲ್ಲಿ ಕೈ ಕಟ್ಟಿ ಅವನ ಬಾಯನ್ನೇ ನೋಡುತ್ತಿದ್ದಳು. ಅವನ ಕಣ್ಣು ಕಂಬ ಹುಡುಕಿತು. ಕಂಬಕ್ಕೆ ಒಬ್ಬ ಒರಗಿ ನಿಂತಿದ್ದ. ಖಾಲಿ ಕುರ್ಚಿ ಹುಡುಕಿತು. ಖಾಲಿ ಇದ್ದದ್ದು ಒಂದೇ.

ಕೈ ತೋರಿಸಿದ. “ಇಪ್ಪತ್ತು, ಕೊನೆಯ ಸಾಲಿನ ಯಜಮಾನರು.”

ಏನೂ ಆಗಲಿಲ್ಲ. ಗುಜರಿಯವನು ಗೊಣಗಿ ಇಪ್ಪತ್ತೆರಡು ಎಂದ. ರೈಲಿಗೆ ನಗು ಬಂತು. ಮತ್ತೆ ಕೈ ತೋರಿಸಿ ಮೂವತ್ತು ಅಂದ. ಗುಜರಿಯವನು ತಲೆಯಾಡಿಸಿ ಕೈ ಕಟ್ಟಿಕೊಂಡ. ಆಟ ಅಲ್ಲಿಗೆ ನಿಲ್ಲಬೇಕಿತ್ತು.

“ನಲವತ್ತು,” ಅಂದಿತು ರೈಲಿನ ಬಾಯಿ.

ಅವನು ಅದನ್ನು ಹೇಳಿರಲಿಲ್ಲ. ಹುಳಿ ವಾಸನೆ ಬಂತು. ಅದರ ಹಿಂದೆಯೇ ಪೆಟ್ರೋಲು, ಹಳೆಯ ಚರ್ಮ, ಆಸ್ಪತ್ರೆಯ ಫಿನಾಯಿಲು. ಹಿಂದಿನ ಬಲ್ಬು ಮಂಕಾಯಿತು. ಕುರ್ಚಿಯ ಮೇಲಿನ ಕತ್ತಲು ಸುತ್ತಲಿನ ಕತ್ತಲಿಗಿಂತ ದಟ್ಟವಾಗಿತ್ತು. ಅದರಿಂದ ಒಂದು ಕೈ ಮೇಲೆದ್ದಿತ್ತು.

ಕಂದು ಕೈಗವಸು. ಹೆಬ್ಬೆರಳಿಗೆ ಕೆಂಪು ದಾರ.

“ಐವತ್ತು,” ಎಂದು ಬಾಯಿ ಕೂಗಿತು. “ಅರವತ್ತು.”

ಅಕ್ಕನ ಮುಖ ಅರಳಿತು. ರೈಲು ಸುತ್ತಿಗೆ ಬಡಿಯಲು ನೋಡಿದ. ತೋಳು ಏಳಲಿಲ್ಲ. ಕೈಗವಸು ಇಳಿಯಲಿಲ್ಲ. ಎಪ್ಪತ್ತು. ತೊಂಬತ್ತು. ನೂರು. ವೇದಿಕೆಯ ಮೇಲೆ ಬ್ಯಾಟರಿಯೇ ಇಲ್ಲದ ಕಾರಿನ ಹಾರ್ನ್ ಸಣ್ಣಗೆ ನರಳಿತು. ಮುದುಕರು ಒಬ್ಬೊಬ್ಬರಾಗಿ ಎಚ್ಚರಗೊಂಡು ಹಿಂದೆ ತಿರುಗಿದರು. ಅವರಿಗೆ ಕಂಡದ್ದು ಖಾಲಿ ಕುರ್ಚಿ. ಇನ್ನೂರು. ನಾಲಿಗೆಯ ಮೇಲೆ ತಾಮ್ರ. ಉಸಿರಿಲ್ಲ. ಮುನ್ನೂರು. ಆಗ ಕತ್ತಲೊಳಗಿಂದ, ಅವನ ಕಿವಿಗೆ ಮಾತ್ರ, ಒಣಗಿದ ಗಂಟಲಿನ ಒಂದು ದನಿ.

“ಹೊದಿಕೆ ಹಾಕಿದೀಯಾ?”

ಆ ದನಿ ಅವನಿಗೆ ಗೊತ್ತಿತ್ತು, ಭಾವನದು. ಆ ಮಾತೂ ಗೊತ್ತಿತ್ತು. ಯಾರೂ ಇಲ್ಲದವರ ಜೊತೆ ಹಟಕ್ಕೆ ಬಿದ್ದು ಮನೆಯ ಬೆಲೆ ಕೊಟ್ಟ ಆ ಗಿರಾಕಿ ಯಾರೆಂದು ಗೊತ್ತಾಯಿತು. ಆ ಕುರ್ಚಿಯ ಅಡಿ ಮೊಳೆ ಹೊಡೆಸಿದವರು ಯಾರೆಂದೂ.

“ಯಾರ್ರೀ ಅಲ್ಲಿ?” ಎಂದ ಗುಜರಿಯವನು. “ನಾನು ಯಾರ ಎದುರಿಗೆ ಕೂಗ್ತಿದೀನಿ?”

ಹಿಂದೆ ಬಾಗಿಲ ಹತ್ತಿರ ಒಬ್ಬರು ಬರೆದುಕೊಳ್ಳುತ್ತಿದ್ದಾರೆ, ದೊಡ್ಡ ಕುಳ, ಎಂದು ಹೇಳಲು ರೈಲು ಬಾಯಿ ತೆರೆದ. ಬಂದದ್ದು ಬೇರೆ.

“ಯಾರೂ ಇಲ್ಲ. ನಾನೇ ಸುಳ್ಳು ಕೂಗಿದ್ದು.”

ಬಲ್ಬು ಮತ್ತೆ ಉರಿಯಿತು. ಕುರ್ಚಿ ಖಾಲಿಯಿತ್ತು. ಗುಜರಿಯವನು ಎದ್ದು ನಿಂತು ತನ್ನ ಮೊದಲಿನ ಹದಿನೈದಕ್ಕೇ ಇಳಿದ. ಹಾಗಿದ್ದರೆ ಹದಿನೈದು, ಬೇಕಾದರೆ ಕೊಡಿ ಎಂದ. ಗಾಡಿಯಲ್ಲಿ ದೋಷವಿದೆಯೇ ಎಂದು ಯಾರೋ ಕೇಳಿದರು. ರೈಲಿನ ಬಾಯಿ ನೆಲ ತುಕ್ಕು ಹಿಡಿದದ್ದು, ಇಂಜಿನ್ ಬಿರುಕು ಬಿಟ್ಟದ್ದು, ಎಲ್ಲವನ್ನೂ ಹೇಳಿತು. ಅವನ ತೋಳು ಆಗ ಎದ್ದಿತು. ಸುತ್ತಿಗೆ ಬಿತ್ತು.

ಬೈಯುವ ಮುದುಕರು ಬೈದು ಹೋದರು. ಗಾಡಿಗೆ ಹಗ್ಗ ಬಿಗಿಯುತ್ತಿದ್ದ ಗುಜರಿಯವನಿಗೆ ಏಕೋ ಪಾಪ ಅನ್ನಿಸಿತು. ಹೋಗ್ಲಿ ಬಿಡು ಮಾರಾಯ, ಆ ಬಂಪರ್ ಕತೆನಾದ್ರೂ ಹೇಳು, ನಗೋಣ ಎಂದ.

“ಬಂಪರ್ ಹಿಂದೆ ಕಾರಿತ್ತು,” ಅಂದ ರೈಲು. “ಪೂರ್ತಿ ಕಾರು. ಕಡಿಮೆಗೇ ಹೋಯ್ತು.”

ಹೇಳಿದ ಮೇಲೆ ಅವನೇ ನಿಂತುಬಿಟ್ಟ. ಹಳೆಯ ಹರಾಜುಗಾರರ ಮಾತಿನಲ್ಲಿ ಮಾಂಸ ಏಕಿರಲಿಲ್ಲ ಎಂದು ಆಗ ತಿಳಿಯಿತು. ಮನೆಗೆ ಹೋಗುವ ದಾರಿಯಲ್ಲಿ, ಯಾರೂ ಇಲ್ಲದ ಕಡೆ, ‘ಇವತ್ತು ಒಳ್ಳೇ ವ್ಯಾಪಾರ’ ಎಂದು ಹೇಳಿ ನೋಡಿದ. ನಾಲಿಗೆ ಸೀಸದಂತೆ ಬಿದ್ದುಕೊಂಡಿತು. ತಾಮ್ರದ ರುಚಿ. ಇನ್ನೊಂದು ಸಲ ನೋಡಿದ. ಆಗಲಿಲ್ಲ.

ಅಕ್ಕ ಅವನಿಗಿಂತ ಮೊದಲೇ ಮನೆ ಸೇರಿದ್ದಳು. ಬೈಯಲಿಲ್ಲ. ಅರ್ಧ ಪಾತ್ರೆಗಳು ಆಗಲೇ ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಅವಳು ಚಾಪೆಯ ಮೇಲೆ ಕೂತು ಒಂದು ದೊಡ್ಡ ಬಟ್ಟೆಯನ್ನು ಮಡಚುತ್ತಿದ್ದಳು. ಅದು ಕಾರಿನ ಹೊದಿಕೆ. ಗುಜರಿಯವನಿಗೆ ಅದು ಬೇಕಿರಲಿಲ್ಲ.

“ಕೋಣೆ ಹೋದ್ರೆ ಹೋಗ್ಲಿ ಬಿಡು. ನನಗೂ ಸಾಕಾಗಿದೆ,” ಎಂದಳು. “ಅದೊಂದು ಮಾತು ಹೇಳು. ಕೇಳ್ಕೊಂಡು ಮಲಗ್ತೀನಿ.”

ರೈಲು ಬಾಯಿಯ ಮೇಲೆ ಕೈ ಒತ್ತಿ ಹಿಡಿದ. ಹಲ್ಲು ಕಚ್ಚಿದ. ಅಕ್ಕ ಅವನಿಗೆ ಅಳು ಬಂದಿದೆ ಎಂದುಕೊಂಡಳು. ಹತ್ತಿರ ಬಂದು, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ, ಮೆಲ್ಲಗೆ ಆ ಕೈಯನ್ನು ಬಿಡಿಸಿದಳು.

“ಅವರು ನಿನ್ನ ಹೆಸರು ಹೇಳಲಿಲ್ಲ ಅಕ್ಕ. ಗಾಡಿಗೆ ಹೊದಿಕೆ ಹಾಕಿದೀಯಾ ಅಂತ ಕೇಳಿದ್ರು. ಅಷ್ಟೇ.”

ಅಕ್ಕ ಮತ್ತೆ ಚಾಪೆಯ ಮೇಲೆ ಕೂತಳು. ಹೊದಿಕೆಯ ಅಂಚನ್ನು ಬೆರಳಿನಿಂದ ಸವರಿದಳು.

“ನೀನೇನಂದೆ?”

“ಹಾಕಿದೀನಿ ಅಂದೆ.”

“ಹಾಕಿದ್ಯಾ?”

“ಇಲ್ಲ,” ಅಂದ.