ಸರ್ದಾರ ಚಾಚಾನ ಮಷೀನು

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಗುಲನಾಜ ತನ್ನ ವರ್ಕ್‌ಶಾಪಿನ ಶಟರ್ ಎತ್ತಿದಳು. ಒಳಗೆ ಸುಟ್ಟ ಎಣ್ಣೆಯ ವಾಸನೆ. ಕಬ್ಬಿಣ ಕೊಯ್ಯುವ ಮಿಲ್ಲಿಂಗ್ ಮಷೀನಿನ ಕಟರ್ ಮುರಿದು ನೆಲಕ್ಕೆ ಬಿದ್ದಿತ್ತು. ಮಷೀನಿನ ಕಬ್ಬಿಣದ ಟೇಬಲ್ ಮೇಲೆ ಗೇಣುದ್ದದ ಗಾಯ.

ಅರ್ಧ ಗಂಟೆಯಲ್ಲಿ ಅಫಜಲಪುರ ಠಾಣೆಯ ಪಿಎಸ್‌ಐ ನರ್ಮದಾ ಬಂದಳು. ಅವಳ ಅಪ್ಪ ಜೇವರ್ಗಿಯಲ್ಲಿ ಲೇತ್ ನಡೆಸಿದವನು. ಕಬ್ಬಿಣದ ಕೆಲಸ ಅವಳಿಗೆ ಹೊಸದಲ್ಲ.

"ನಾಳೆ ಕಲಬುರಗಿಯಿಂದ ಇಂಜಿನಿಯರು ಬರೋರಿದ್ರು. ಮಷೀನ್ ನೋಡಿ ವರ್ಷಪೂರ್ತಿ ಕೆಲಸ ಕೊಡೋರಿದ್ರು," ಎಂದಳು ಗುಲನಾಜ.

ಮಷೀನು ಅವಳ ತಂದೆಯ ಕಾಲದ್ದು. ಹ್ಯಾಂಡಲ್ ತಿರುಗಿಸಿದರೆ ಟೇಬಲ್ ಸರಿಯುತ್ತಿತ್ತು. ಮೂವತ್ತು ವರ್ಷ ಅದನ್ನು ತಿರುಗಿಸಿದವನು ಸರ್ದಾರ. ಹೊಸದಾಗಿ ಬಂದ ಮಿಲಿಂದ ಎಂಟು ತಿಂಗಳು ಕೂತು ಮೋಟರ್, ಕಂಪ್ಯೂಟರ್ ಜೋಡಿಸಿ ಅದನ್ನು ಕಂಪ್ಯೂಟರ್ ಹೇಳಿದಂತೆ ತಾನೇ ಓಡುವ ಸಿಎನ್‌ಸಿ ಮಾಡಿದ್ದ. ಆದರೆ ಹ್ಯಾಂಡಲ್ ತೆಗೆಯಲು ಗುಲನಾಜ ಒಪ್ಪಿರಲಿಲ್ಲ. ಪಕ್ಕಕ್ಕೊಂದು ಲಿವರ್ ಕೂಡಿಸಿದ್ದರು. ಮೇಲಿದ್ದರೆ ಮೋಟರ್ ಓಡಿಸುತ್ತದೆ, ಕೆಳಗಿದ್ದರೆ ಕೈ.

ಲಿವರ್ ಈಗ ಕೆಳಗಿತ್ತು.

"ಕೈಲೆ ಓಡಿಸ್ಯಾರ್ರಿ," ಎಂದ ಮಿಲಿಂದ. "ನಾ ಊಟಕ್ಕ ರೂಮಿಗೆ ಹೋಗಿದ್ದೆ. ಕೈಲೆ ಓಡಿಸೋದು ಚಾಚಾಗಷ್ಟ ಬರ್ತದ."

ಶಟರಿನ ಕೀಲಿ ಗುಲನಾಜ, ಸರ್ದಾರ, ಮಿಲಿಂದ ಈ ಮೂವರ ಬಳಿ ಮಾತ್ರ ಇತ್ತು. ವರ್ಕ್‌ಶಾಪ್ ಮುಚ್ಚಿದ್ದ ಹೊತ್ತಿನಲ್ಲಿ, ಒಂದರಿಂದ ಎರಡೂವರೆವರೆಗೆ, ಗುಲನಾಜ ತವರಿನಲ್ಲಿ ಹತ್ತು ಜನರ ಜೊತೆ ಊಟಕ್ಕೆ ಕೂತಿದ್ದಳು.

* * *

"ನೀವೆಲ್ಲಿದ್ರಿ?" ನರ್ಮದಾ ಸರ್ದಾರನನ್ನು ಕೇಳಿದಳು.

"ನಮಾಜ್ ಮುಗಿಸಿ ಮನಿಗೆ ಹೋಗಿದ್ದೆರಿ."

ಕಾನ್‌ಸ್ಟೇಬಲ್ ಮಲ್ಲಣ್ಣ ಸರ್ದಾರನ ಮನೆಗೆ ಹೋಗಿ ಬಂದ. ಹೆಂಡತಿ ಗೌಸಿಯಾಬೇಗಂ ನೇರವಾಗಿ ಹೇಳಿದ್ದಳು, ಊಟಕ್ಕೆ ಅವರು ಬರಲೇ ಇಲ್ಲ ಎಂದು.

"ಸಿಕ್ಕ ನೋಡ್ರಿ ಮೇಡಂ. ಜೀಪಿಗೆ ಹತ್ತಿಸ್ಲೇನ್ರಿ?"

"ತಡೀರಿ."

ಅವಳು ಮುದುಕನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದಳು. ಅಲ್ಲಿ ಅವನು ನಿಜ ಹೇಳಿದ.

"ಭೀಮಶಾನ ವರ್ಕ್‌ಶಾಪಿಗೆ ಹೋಗಿದ್ದೆರಿ. ಕೆಲಸ ಕೇಳಾಕ. ಮೋಟರ್ ಬಂದ ಮ್ಯಾಲ ಈ ಕೈಗೇನು ಕಿಮ್ಮತ್ತದ? ಆ ಹುಡುಗನ್ನ ಕಂಡ್ರ ನನ್ನ ಹೊಟ್ಟಿ ಉರೀತದ. ಗುಲನಾಜ ಬೇಟಿ ಮುಂದ ಇದನ್ನ ಹೆಂಗ ಹೇಳ್ಲಿ?"

ಭೀಮಶಾ ಫೋನಿನಲ್ಲಿ ಹೌದೆಂದ. "ಬಂದಿದ್ರುರಿ. ಹತ್ತು ನಿಮಿಷ ಅಷ್ಟ."

ಇನ್ನುಳಿದ ಹೊತ್ತಿಗೆ ಸಾಕ್ಷಿ ಇರಲಿಲ್ಲ. ಹೊಟ್ಟೆಕಿಚ್ಚಂತೂ ಅವನೇ ಒಪ್ಪಿದ್ದ.

ನರ್ಮದಾ ಒಳಗೆ ಬಂದಳು. ಮಿಲಿಂದ ಮುರಿದ ಕಟರನ್ನು ನೋಡುತ್ತಿರಲಿಲ್ಲ. ಬಾಗಿಲಾಚೆ ನಿಂತ ಸರ್ದಾರನನ್ನೇ ನೋಡುತ್ತಿದ್ದ. ಆ ನೋಟ ಅವಳಿಗೆ ಗೊತ್ತಿತ್ತು. ತಾನು ಹಿಡಿದ ಕಳ್ಳನ ಪಕ್ಕ ಬೇರೆ ಅಧಿಕಾರಿ ನಿಂತ ಫೋಟೋ ಪೇಪರಿನಲ್ಲಿ ಬಂದ ದಿನ, ಕನ್ನಡಿಯಲ್ಲಿ ಅವಳಿಗೆ ಅದೇ ಕಣ್ಣು ಕಂಡಿದ್ದವು.

ಮೊಬೈಲ್ ಬೆಳಕು ಹಿಡಿದು ಅವಳು ಟೇಬಲ್ ಮೇಲೆ ಬಗ್ಗಿದಳು. ಗಾಯದ ತಳದಲ್ಲಿ ಕಟರ್ ಬಿಟ್ಟ ಸಣ್ಣ ಬಾಗುಗೆರೆಗಳು. ಬಾಚಣಿಗೆಯ ಹಲ್ಲಿನ ಹಾಗೆ ಸಮಸಮ.

* * *

ನರ್ಮದಾ ಮಷೀನಿಗೆ ಹೊಸ ಕಟರ್ ಹಾಕಿಸಿದಳು.

"ಚಾಚಾ, ಈ ಕಬ್ಬಿಣದ ತುಂಡು ಕೈಲೆ ಕೊಯ್ರಿ."

ಸರ್ದಾರ ಹ್ಯಾಂಡಲ್ ತಿರುಗಿಸಿದ.

"ಚಾಚಾನ ಕೈ ಭಾಳ ಸಮ ನಡೀತದ್ರಿ," ಎಂದ ಮಿಲಿಂದ, ಕೇಳದಿದ್ದರೂ.

"ನೋಡೂಣು. ಈಗ ನೀ ಇನ್ನೊಂದು ಮೋಟರ್‌ಲೆ ಕೊಯ್ಯಿ."

ಎರಡೂ ತುಂಡುಗಳನ್ನು ಅವಳು ಗಾಯದ ಪಕ್ಕ ಇಟ್ಟಳು. ಸರ್ದಾರನ ತುಂಡಿನಲ್ಲಿ ಗೆರೆಗಳು ಒಂದು ಹತ್ತಿರ, ಒಂದು ದೂರ. ಮಿಲಿಂದನದು ಟೇಬಲ್ ಮೇಲಿನ ಗಾಯದ ಹಾಗೇ ಇತ್ತು.

"ಮೂವತ್ತು ವರ್ಷದ ಕೈ ಆದ್ರೂ ಕೈನೇ," ಎಂದಳು ನರ್ಮದಾ. "ಹ್ಯಾಂಡಲ್‌ದ ಪ್ರತಿ ಸುತ್ತಿಗೆ ಒಂದೀಟು ತಡೀತದ, ಒಂದೀಟು ಓಡತದ. ಮೋಟರ್ ತಡಿಯಂಗಿಲ್ಲ. ಈ ಟೇಬಲ್ ಕೊಯ್ದದ್ದು ಮೋಟರ್. ಆಮ್ಯಾಲ ಲಿವರ್ ಕೆಳಗಿಳಿಸ್ಯಾರ, ಎಲ್ಲಾರೂ ಚಾಚಾನ್ನ ನೋಡ್ಲಿ ಅಂತ. ಕಂಪ್ಯೂಟರ್ ಯಾರಿಗೆ ಬರ್ತದ್ರಿ?"

"ಮಿಲಿಂದಗಷ್ಟ," ಎಂದಳು ಗುಲನಾಜ. "ನನಗ ಪಾಸ್‌ವರ್ಡ್ ಸುದ್ದಾ ಗೊತ್ತಿಲ್ಲ."

ಮಿಲಿಂದ ಸ್ಟೂಲ್ ಮೇಲೆ ಕುಸಿದ.

"ಎಂಟು ತಿಂಗಳು ವೈರ್ ಎಳದಾಂವ ನಾನು. ನಿನ್ನೆ ಇಂಜಿನಿಯರಿಗೆ ಫೋನ್‌ದಾಗ ಗುಲನಾಜ ಮೇಡಂ ಏನಂದ್ರು? ಇದು ನಮ್ಮ ಸರ್ದಾರ ಚಾಚಾನ ಮಷೀನು, ಮೊದಲನೇ ತುಂಡು ಅವರ ಕೈಲೇನೇ ಕೊಯ್ದು ತೋರಸ್ತಾರ ಅಂದ್ರು. ನನ್ನ ಹೆಸರು ಒಂದ್ ಸರ್ತಿನೂ ಬರ್ಲಿಲ್ಲ. ಟೇಬಲ್ ಕೆಟ್ರ ಚಾಚಾನ್ನ ಕೆಲಸದಿಂದ ಬಿಡಸ್ತಾರ, ಹ್ಯಾಂಡಲ್ ತಗಸ್ತಾರ ಅನ್ಕೊಂಡೆ."

ಗುಲನಾಜ ಹಾಗೆ ಹೇಳಿದ್ದು ನಿಜವಾಗಿತ್ತು.

ಮಲ್ಲಣ್ಣ ಮಿಲಿಂದನ ತೋಳು ಹಿಡಿದ. ಬಾಗಿಲಲ್ಲಿ ಸರ್ದಾರ ಅಡ್ಡ ನಿಂತ. ಹೊಡೆಯುತ್ತಾನೆಂದು ನರ್ಮದಾ ಒಂದು ಹೆಜ್ಜೆ ಮುಂದಿಟ್ಟಳು.

"ನಾಳೆ ಇಂಜಿನಿಯರು ಬರ್ತಾರ," ಎಂದ ಮುದುಕ. "ಆ ಕಂಪ್ಯೂಟರ್ ಹೆಂಗ ಚಾಲೂ ಮಾಡೋದು, ಹೇಳಿ ಹೋಗು."

ಮಿಲಿಂದ ಅವನ ಮುಖ ನೋಡಿದ. ಆಮೇಲೆ ಮೆಲ್ಲಗೆ, ಒಂದೊಂದಾಗಿ ಹೇಳತೊಡಗಿದ. ಸರ್ದಾರ ಬೆರಳು ಮಡಚುತ್ತ ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿಕೊಂಡ. ಮುಗಿಯುವ ತನಕ ನರ್ಮದಾ ಜೀಪನ್ನು ನಿಲ್ಲಿಸಿಯೇ ಇಟ್ಟಳು.